ಉಪ್ಪು ಹಾಕುವುದೋ, ತೆಗೆಯುವುದೋ?

ಪಠ್ಯಪುಸ್ತಕ ಬಂತೇ ಇಲ್ಲವೇ, ಖಾಲಿ ಹುದ್ದೆ ತುಂಬಿದರೇ ಇಲ್ಲವೇ ಎಂಬ ನಮ್ಮ ಮಾಮೂಲಿ ಗೋಳನ್ನು ಈ ಸಲ ಬರೆಯುವುದಿಲ್ಲ. ಮೀನಿನ ವಿಷಯ ಬರೆಯುತ್ತೇವೆ. ಅದೂ ಸಮುದ್ರದ ಮೀನು! ಹಿಂದೂಪುರಕ್ಕೂ ಸಮುದ್ರಕ್ಕೂ ಎಲ್ಲಿಯ ಸಂಬಂಧ ಎಂದು ನಗಬೇಡಿ. ಇಲ್ಲಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಕಡಲು ಕಾಣಲು ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲ ಎಂಬುದು ನಮಗೂ ಗೊತ್ತು. ಆದರೂ ಆ ಮೀನು ಹಿಂದೂಪುರಕ್ಕೆ ಬಂತು, ಕಾಯಿಲೆ ಬಿತ್ತು, ಸತ್ತಿತು. ಸಾಯುವುದಕ್ಕೆ ಅರ್ಧ ಕಾರಣ ನಾವೇ. ಅದಕ್ಕೇ ಬರೆಯುತ್ತಿದ್ದೇವೆ.

ಕಳೆದ ಮಾರ್ಚ್ ಕೊನೆಯ ವಾರ. ಒಪ್ಪೊತ್ತಿನ ಶಾಲೆ ಮುಗಿಸಿ ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಫೋನು ಬಂತು. "ಸಾರ್, ನಾನು ಸಾರ್, ಕಲ್ಯಾಣದುರ್ಗದ ಮೀನಿನ ಲೀಡರು." ನಮಗೆ ತಕ್ಷಣ ನೆನಪಾಯಿತು. 2009ರಲ್ಲಿ ನಾವು ಕಲ್ಯಾಣದುರ್ಗದ ಕಡೆಯ ಒಂದು ಕನ್ನಡ ಶಾಲೆಯಲ್ಲಿದ್ದೆವು. ಊರಿನ ದಾನಿಯೊಬ್ಬರು ಶಾಲೆಗೆ ಒಂದು ಗಾಜಿನ ತೊಟ್ಟಿ, ಹತ್ತು ಬಂಗಾರದ ಮೀನು ಕೊಟ್ಟಿದ್ದರು. ಆಹಾರ ಹಾಕುವುದಕ್ಕೆ, ನೀರು ಬದಲಿಸುವುದಕ್ಕೆ ಒಬ್ಬ ಹುಡುಗನನ್ನು 'ಮೀನಿನ ಲೀಡರ್' ಮಾಡಿದ್ದೆವು. ಆ ಹುಡುಗ ಈಗ ಹಿಂದೂಪುರದಲ್ಲಿ ಬಣ್ಣದ ಮೀನು, ಹಕ್ಕಿಕಾಳು ಮಾರುವ ಪುಟ್ಟ ಅಂಗಡಿ ಇಟ್ಟಿದ್ದಾನೆ. ಜಿಲ್ಲೆ 2022ರ ಏಪ್ರಿಲ್‌ನಲ್ಲಿ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಗುರುಶಿಷ್ಯರು ಮಾತ್ರ ಕೊನೆಗೆ ಒಂದೇ ಊರಿಗೆ ಬಂದು ಬಿದ್ದಿದ್ದೇವೆ.

"ಏನಪ್ಪಾ, ಚೆನ್ನಾಗಿದ್ದೀಯಾ?" ಅಂದೆವು. "ನಾನು ಚೆನ್ನಾಗಿದ್ದೀನಿ ಸಾರ್, ಮೀನು ಚೆನ್ನಾಗಿಲ್ಲ. ನೀವು ಹೇಳಿಕೊಟ್ಟಂಗೇ ಉಪ್ಪು ಹಾಕಿದೆ ಸಾರ್. ಒಂದು ಸತ್ತೋಯ್ತು."

ನಾವು ಹೇಳಿಕೊಟ್ಟಂತೆ! ಚಪ್ಪಲಿ ಬಿಡದೆ ಹಾಗೇ ಸ್ಕೂಟರ್ ತೆಗೆದೆವು.

ಕಲ್ಯಾಣದುರ್ಗದ ಆ ತೊಟ್ಟಿಯಲ್ಲಿ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಯಾರೋ ತಂದುಕೊಟ್ಟ ಎರಡು ಹೊಸ ಮೀನುಗಳನ್ನು ಬಿಟ್ಟ ವಾರಕ್ಕೆ ಎಲ್ಲ ಮೀನಿನ ಮೈಮೇಲೂ ರವೆ ಎರಚಿದ ಹಾಗೆ ಬಿಳಿ ಚುಕ್ಕೆ ಎದ್ದಿತು. ಅಂಗಡಿಯವರೊಬ್ಬರು "ಲೀಟರಿಗೆ ಅರ್ಧ ಚಮಚ ಕಲ್ಲುಪ್ಪು ಹಾಕಿ" ಎಂದರು. ಹಾಕಿದೆವು, ನೀರು ಬದಲಿಸಿದೆವು, ಹತ್ತು ಹನ್ನೆರಡು ದಿನದಲ್ಲಿ ವಾಸಿಯಾಯಿತು. ನಮಗೆ ಹೆಮ್ಮೆಯೋ ಹೆಮ್ಮೆ. ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ "ಬಿಳಿ ಚುಕ್ಕೆಗೆ ಉಪ್ಪು" ಎಂದು ಬರೆದು ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸಿದೆವು. ನಾವು ಓದಿದ್ದು ಟಿ.ಸಿ.ಎಚ್., ಆಮೇಲೆ ಬಿ.ಎ. ವಿಜ್ಞಾನದ ಪದವಿಯಲ್ಲ. ಆದರೆ ಅದನ್ನು ನೆಪವಾಗಿ ಹೇಳುತ್ತಿಲ್ಲ. 'ಯಾಕೆ ಉಪ್ಪು?' ಎಂದು ಕೇಳುವುದಕ್ಕೆ ಯಾವ ಪದವಿಯೂ ಬೇಡ. ಮಕ್ಕಳು ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ.

ಸಿಹಿನೀರಿನ ಮೀನಿಗೆ ಬರುವ ಬಿಳಿಚುಕ್ಕೆ ರೋಗ 'ಇಕ್ಥಿಯಾಫ್ತಿರಿಯಸ್' ಎಂಬ ಏಕಕೋಶ ಜೀವಿಯದು. ಅದು ಸಿಹಿನೀರಿನಲ್ಲಿ ಹುಟ್ಟಿ ಬೆಳೆದದ್ದು, ಉಪ್ಪು ಅದಕ್ಕೆ ಆಗದು. ಸಮುದ್ರದ ಮೀನಿಗೆ ಬರುವ ಬಿಳಿಚುಕ್ಕೆ 'ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್' ಎಂಬ ಬೇರೊಂದು ಏಕಕೋಶ ಜೀವಿಯದು. ಕಣ್ಣಿಗೆ ಎರಡೂ ಒಂದೇ, ರವೆ ಎರಚಿದ ಹಾಗೇ. ಆದರೆ ಎರಡನೆಯದು ಹುಟ್ಟಿದ್ದೇ ಉಪ್ಪುನೀರಿನಲ್ಲಿ! ಅದಕ್ಕೆ ಮತ್ತಷ್ಟು ಉಪ್ಪು ಹಾಕಿದರೆ ಅದೇಕೆ ಸಾಯುತ್ತದೆ? ಸಾಯುವುದು ಮೀನು.

ಇಲ್ಲಿ ಒಂದು ಸಣ್ಣ ಪಾಠ ಮಾಡಲೇಬೇಕು, ಬೇಸರಿಸಬೇಡಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಆ ನೀರಿನಲ್ಲೇ ಇರುವ ಮೀನಿನ ರಕ್ತದಲ್ಲಿ ಇರುವುದು ಅದರ ಮೂರನೇ ಒಂದು ಭಾಗದಷ್ಟು. ಅಭಿಸರಣದ ಪಾಠ ಮಾಡುವಾಗ ಒಣದ್ರಾಕ್ಷಿಯನ್ನು ನೀರಿಗೆ ಹಾಕಿ, ದ್ರಾಕ್ಷಿಯನ್ನು ಉಪ್ಪುನೀರಿಗೆ ಹಾಕಿ ತೋರಿಸುತ್ತೇವಲ್ಲ, ಅದೇ ನಿಯಮ ಇಲ್ಲೂ. ಸಮುದ್ರದ ಮೀನಿನ ಮೈಯಿಂದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಹಾಗಾಗಿ ಅದು ಸಮುದ್ರದ ನೀರನ್ನು ಕುಡಿಯುತ್ತಲೇ ಇರಬೇಕು, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರಹಾಕುತ್ತಲೇ ಇರಬೇಕು. ಸಿಹಿನೀರಿನ ಮೀನಿನದು ಇದಕ್ಕೆ ತಿರುಗುಮುರುಗು. ನೀರು ಒಳಕ್ಕೆ ನುಗ್ಗುತ್ತದೆ, ಅದು ಕುಡಿಯುವುದೇ ಇಲ್ಲವೆನ್ನಬಹುದು, ಮೂತ್ರ ಮಾತ್ರ ಧಾರಾಳ. ಚರ್ಮ, ಕಿವಿರು ರೋಗದಿಂದ ತೂತುಬಿದ್ದ ಕಡಲ ಮೀನಿಗೆ ಇನ್ನಷ್ಟು ಉಪ್ಪು ಹಾಕುವುದೆಂದರೆ ಬಾಯಾರಿದವನಿಗೆ ಉಪ್ಪಿನಕಾಯಿ ತಿನ್ನಿಸಿದ ಹಾಗೆ.

ಅಂಗಡಿಗೆ ಹೋಗಿ ನೋಡಿದರೆ 200 ಲೀಟರಿನ ತೊಟ್ಟಿ. ಬಿಟ್ಟಿದ್ದವು ಐದು ಮೀನು: ಕಿತ್ತಲೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಎರಡು ನೀಲಿ ಡ್ಯಾಮ್ಸೆಲ್, ಒಂದು ಟ್ಯಾಂಗ್. ಜೊತೆಗೆ ಎರಡು ಸೀಗಡಿ, ಕೆಲವು ಬಸವನಹುಳು. ಬೆಂಗಳೂರಿನಲ್ಲಿ ಇಂಥದ್ದು ನೋಡಿ ಆಸೆಪಟ್ಟು ಕಟ್ಟಿಕೊಂಡಿದ್ದನಂತೆ. ಹಾಕಿದ್ದ ಹಣ ಕೇಳಿ ನಮಗೆ ಮಾತು ಹೊರಡಲಿಲ್ಲ. ಸತ್ತದ್ದು ಟ್ಯಾಂಗ್. ಅದು ಬಂದು ಹತ್ತೇ ದಿನವಾಗಿತ್ತು. ಅದೇ ಕಾಯಿಲೆಯನ್ನು ಹೊತ್ತು ತಂದದ್ದು ಎಂಬುದು ಆಮೇಲೆ ನಮಗೆ ಹೊಳೆದ ಸಂಗತಿ. ಕಲ್ಯಾಣದುರ್ಗದಲ್ಲೂ ಹೊಸ ಮೀನು ಬಿಟ್ಟ ವಾರಕ್ಕೇ ಅಲ್ಲವೇ ರೋಗ ಬಂದದ್ದು?

ಲವಣ ಅಳೆಯುವ ಕೊಳವೆ ತೇಲಿಬಿಟ್ಟು ನೋಡಿದರೆ ಲೀಟರಿಗೆ 40 ಗ್ರಾಂ ದಾಟಿತ್ತು. ಅವನು ಹಾಕಿದ ಉಪ್ಪೊಂದೇ ಕಾರಣವಲ್ಲ. ನಮ್ಮ ಸೀಮೆಯ ಬೇಸಿಗೆ ನಿಮಗೆ ಗೊತ್ತೇ ಇದೆ, ತೊಟ್ಟಿಯ ನೀರು ದಿನಕ್ಕೆ ಬೆರಳಷ್ಟು ಆವಿಯಾಗುತ್ತದೆ. ಆವಿಯಾಗುವುದು ನೀರು, ಉಪ್ಪಲ್ಲ. ಕಡಿಮೆಯಾದಷ್ಟು ಸಿಹಿನೀರು ತುಂಬಬೇಕು. ಇವನು ಪ್ರತಿಸಲವೂ ಉಪ್ಪುನೀರು ಕಲಸಿ ತುಂಬುತ್ತಿದ್ದ. ಐದನೇ ತರಗತಿಯಲ್ಲಿ "ಸಮುದ್ರದ ನೀರಿನಿಂದ ಉಪ್ಪನ್ನು ಹೇಗೆ ತಯಾರಿಸುತ್ತಾರೆ?" ಎಂಬ ಪ್ರಶ್ನೆಗೆ ಇದೇ ಹುಡುಗ ಪೂರ್ತಿ ಅಂಕ ತೆಗೆದಿರುತ್ತಾನೆ, ಬೇಕಾದರೆ ಬಾಜಿ ಕಟ್ಟುತ್ತೇವೆ. ಉತ್ತರ ಗೊತ್ತಿತ್ತು. ಅದು ತನ್ನ ಅಂಗಡಿಯ ತೊಟ್ಟಿಯಲ್ಲೂ ನಡೆಯುತ್ತಿದೆ ಎಂಬುದು ಗೊತ್ತಿರಲಿಲ್ಲ.

ಸಿಹಿನೀರು ಸೇರಿಸಿ ಲವಣಾಂಶವನ್ನು ಎರಡು ದಿನದಲ್ಲಿ ನಿಧಾನವಾಗಿ ಸರಿಗೆ ತಂದೆವು. ಮೂರನೇ ದಿನ ಫೋನು: "ಸಾರ್, ಚುಕ್ಕೆ ಎಲ್ಲಾ ಹೋಯ್ತು ಸಾರ್! ವಾಸಿಯಾಯ್ತು!" ನಾವೂ ಹಿಗ್ಗಿದೆವು. ಒಂದು ವಾರ ಕಳೆಯಿತು. ಚುಕ್ಕೆ ಮತ್ತೆ ಬಂತು, ಈ ಸಲ ಮೂರರಷ್ಟು.

ಈ ರೋಗದ ಮೋಸ ಇರುವುದೇ ಇಲ್ಲಿ. ಆ ಜೀವಿ ಮೀನಿನ ಚರ್ಮದ ಒಳಗೆ ಹೂತುಕೊಂಡು ತಿನ್ನುವುದು ಮೂರರಿಂದ ಏಳು ದಿನ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ನೋಡುವವರಿಗೆ ಚುಕ್ಕೆ ಮಾಯ! ಉದುರಿದ್ದು ಕಲ್ಲು ಮರಳಿಗೆ ಅಂಟಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು ಒಳಗೇ ಒಡೆಯುತ್ತದೆ, ಒಂದು ಎರಡಾಗಿ, ಎರಡು ನಾಲ್ಕಾಗಿ, ಇನ್ನೂರರವರೆಗೆ. ಮೂರು ದಿನಕ್ಕೆ ಒಡೆದು ಹೊರಬರಬಹುದು, ನಾಲ್ಕು ವಾರ ಹಿಡಿಯಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ಹೊರಬಂದ ಮರಿಗಳು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಮದ್ದು ಕೊಲ್ಲುವುದು ಈಜಾಡುವ ಈ ಮರಿಗಳನ್ನು ಮಾತ್ರ. ಚರ್ಮದೊಳಗಿನದಕ್ಕೂ ತಾಗುವುದಿಲ್ಲ, ಕೋಶದೊಳಗಿನದಕ್ಕೂ ತಾಗುವುದಿಲ್ಲ. ಕಡಲೆಕಾಯಿ ಹೊಲದ ಕಳೆ ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಿತ್ತದ್ದು ಗಿಡ, ಮಣ್ಣಿನಲ್ಲಿ ಬೀಜ ಹಾಗೇ ಇರುತ್ತದೆ.

ಎರಡನೇ ಸಲ ಚುಕ್ಕೆ ಬಂದಾಗ ಶಿಷ್ಯ ನಮಗೆ ಫೋನು ಮಾಡಲಿಲ್ಲ. ಪಾಪ, ಮೇಷ್ಟ್ರಿಗೆ ಎಷ್ಟು ತೊಂದರೆ ಕೊಡುವುದು ಎಂದುಕೊಂಡನೋ, ಮೇಷ್ಟ್ರ ಮದ್ದಿನ ಮೇಲೆ ನಂಬಿಕೆ ಹೋಗಿತ್ತೋ. ದಾಳಿಂಬೆ ತೋಟದ ಗೆಳೆಯನೊಬ್ಬ "ಇದಕ್ಕೆ ತಾಮ್ರವೇ ಮದ್ದು, ನೆಟ್ಟಿನಲ್ಲಿ ಇದೆ ನೋಡು" ಎಂದು ಮೈಲುತುತ್ತ ಕೊಟ್ಟನಂತೆ. ಸುಳ್ಳೇನಲ್ಲ, ತಾಮ್ರ ಈ ರೋಗಕ್ಕೆ ಹಳೆಯ ಮದ್ದೇ. ಆದರೆ ಎಷ್ಟು? "ಒಂದು ಚಿಟಿಕೆ ಅಷ್ಟೇ ಸಾರ್. ಏನೂ ಆಗಲಿಲ್ಲ ಅಂತ ಸಂಜೆ ಇನ್ನೊಂದು ಚಿಟಿಕೆ." ಬೆಳಗಾಗುವಷ್ಟರಲ್ಲಿ ಸೀಗಡಿ ಎರಡೂ ಮಗುಚಿಕೊಂಡಿದ್ದವು. ಆಮೇಲೆ ಬಸವನಹುಳು. ಮೂರನೇ ದಿನಕ್ಕೆ ಒಂದು ಕ್ಲೌನ್, ಒಂದು ಡ್ಯಾಮ್ಸೆಲ್.

ಈ ಲೆಕ್ಕವನ್ನು ನಾವು ನಮ್ಮ ಏಳನೇ ತರಗತಿಯಲ್ಲಿ ಮಾಡಿಸಿದೆವು. ಬೇಕಾದ ತಾಮ್ರ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. 200 ಲೀಟರಿಗೆ ಹೆಚ್ಚೆಂದರೆ 40 ಮಿಲಿಗ್ರಾಂ. ಮೈಲುತುತ್ತದಲ್ಲಿ ತಾಮ್ರ ಕಾಲುಭಾಗ, ಆದ್ದರಿಂದ ಮೈಲುತುತ್ತ 160 ಮಿಲಿಗ್ರಾಂ. ಇನ್ನು ಚಿಟಿಕೆ ಎಂದರೆ ಎಷ್ಟು? ಶಾಲೆಯಲ್ಲಿ ಅಷ್ಟು ಸೂಕ್ಷ್ಮದ ತಕ್ಕಡಿ ಎಲ್ಲಿದೆ? "ಆಚಾರಿ ಅಂಗಡೀಲಿ ಇದೆ ಸಾರ್" ಎಂದ ಹಿಂದಿನ ಬೆಂಚಿನ ಹುಡುಗ. ಬಂಗಾರ ತೂಗುವ ತಕ್ಕಡಿಯಲ್ಲಿ ಒಂದು ಚಿಟಿಕೆ ಪುಡಿಯುಪ್ಪು ತೂಗಿಸಿಕೊಂಡು ಬಂದ. ಅರ್ಧ ಗ್ರಾಂನ ಆಸುಪಾಸು. ಅಂದರೆ ಒಂದು ಚಿಟಿಕೆಗೇ ಮೂರು ಪಟ್ಟು, ಎರಡಕ್ಕೆ ಆರು ಪಟ್ಟು. ದಶಮಾಂಶದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಇಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ. ಲೆಕ್ಕ ಸರಿಯಾಗಿದ್ದರೂ ತಪ್ಪು ತಪ್ಪೇ ಅನ್ನಿ. ಹವಳದ ಕಲ್ಲು, ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ, ಆಮೇಲೆ ಬಿಡುತ್ತವೆ. ಹಾಗಾಗಿ ನೀರಿನಲ್ಲಿ ಎಷ್ಟಿದೆ ಎಂಬುದನ್ನು ದಿನವೂ ಪರೀಕ್ಷಾ ದ್ರಾವಣ ಹಾಕಿ ನೋಡಬೇಕು. ಸೀಗಡಿ, ಬಸವನಹುಳು, ಹವಳಗಳಿಗೆ ತಾಮ್ರವೆಂದರೆ ವಿಷವೇ. ಮನೆಯ ತೊಟ್ಟಿಗೆ ಅದನ್ನು ಹಾಕಲೇಬಾರದು. ತೋಟಕ್ಕೆ ಹೊಡೆಯುವ ಮೈಲುತುತ್ತವಂತೂ ಬೇಡವೇ ಬೇಡ.

ಈಗ ನಮ್ಮ ಅಸಲು ಮಾತಿಗೆ ಬರುತ್ತೇವೆ.

ಈ ಲೆಕ್ಕ ಮಾಡಿಸುವಾಗ ನಮ್ಮ ಸಹೋದ್ಯೋಗಿಯೊಬ್ಬರು ಬಾಗಿಲಲ್ಲಿ ನಿಂತು "ಕನ್ನಡ ಮೀಡಿಯಂ ಮಕ್ಕಳಿಗೆ ಸಮುದ್ರದ ಮೀನಿನ ಕಾಯಿಲೆ ಯಾಕ್ರೀ? ಇಂಗ್ಲಿಷಿನಲ್ಲಿ ಇರೋ ವಿದ್ಯೆ ಅದು" ಎಂದರು. ಒಳ್ಳೆಯ ಮನುಷ್ಯರು, ತಮಾಷೆಗೇ ಅಂದದ್ದು. ಆದರೆ ಗಡಿಯ ಈಚೆ ಕನ್ನಡ ಕಲಿಸುವ ನಮ್ಮೆಲ್ಲರ ಮನಸ್ಸಿನಲ್ಲೂ ಈ ಮಾತು ಎಲ್ಲೋ ಮೂಲೆಯಲ್ಲಿ ಕುಳಿತಿದೆ. ಕನ್ನಡದಲ್ಲಿ ಪದ್ಯ ಕಲಿಸಬಹುದು, ಕಥೆ ಹೇಳಬಹುದು. ರೋಗ, ಮದ್ದು, ಯಂತ್ರ ಬಂದರೆ ಅದು ಬೇರೆ ಭಾಷೆಯವರ ಆಸ್ತಿ ಎಂದುಕೊಂಡಿದ್ದೇವೆ. ನಮಗೂ ಹಾಗೇ ಅನಿಸುತ್ತಿತ್ತು, ಆ ದಿನದವರೆಗೆ.

ಸಹೋದ್ಯೋಗಿಗೆ ಉತ್ತರ ಹೇಳಲು ತೋಚದೆ ಮಕ್ಕಳ ಕಡೆ ತಿರುಗಿ ಕೇಳಿದೆವು: "ನಿಮ್ಮ ಮನೆಯಲ್ಲಿ ರೇಷ್ಮೆಹುಳುವಿಗೆ ಕಾಯಿಲೆ ಬಂದರೆ ಹೇಗೆ ಗೊತ್ತಾಗುತ್ತೆ?" ಹಿಂದೂಪುರದ ಗೂಡಿನ ಮಾರುಕಟ್ಟೆ ನಿಮಗೆಲ್ಲ ಗೊತ್ತಿರುವುದೇ. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಹುಳು ಸಾಕುವ ಮನೆಯವರು. ಒಂದು ನಿಮಿಷದಲ್ಲಿ ತರಗತಿ ಸಂತೆಯಾಯಿತು! ಮೈ ಊದಿ, ಹೊಳೆದು, ತಟ್ಟೆಯ ಅಂಚಿನಲ್ಲಿ ತಿರುಗಾಡುತ್ತಾ ಮುಟ್ಟಿದರೆ ಹಾಲಿನಂಥ ರಸ ಬಂದರೆ ಹಾಲುತೊಂಡೆ. ಸತ್ತು ಗಟ್ಟಿಯಾಗಿ ಸುಣ್ಣದ ಕಡ್ಡಿಯಂತಾದರೆ ಸುಣ್ಣಕಟ್ಟು. ಮೆತ್ತಗೆ ಜೋತುಬಿದ್ದರೆ ಸಪ್ಪೆ ರೋಗ. ಒಂದೇ ತಟ್ಟೆಯಲ್ಲಿ ಒಂದು ದೊಡ್ಡದು ಒಂದು ಸಣ್ಣದಾಗಿ, ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತಿದ್ದರೆ ಗಂಟುರೋಗ. "ಗಂಟುರೋಗ ಬಂದ್ರೆ ಏನೂ ಮಾಡಕ್ಕಾಗಲ್ಲ ಸಾರ್, ಎಲ್ಲಾ ಸುಟ್ಟುಹಾಕ್ಬೇಕು" ಎಂದಳು ಒಬ್ಬ ಹುಡುಗಿ, ಅವಳ ಮನೆಯಲ್ಲಿ ಸುಟ್ಟಿದ್ದರಂತೆ. ಹುಳು ಮನೆಗೆ ಹೋಗುವ ಮುನ್ನ ಕೈಕಾಲು ತೊಳೆಯಬೇಕು, ಬ್ಲೀಚಿಂಗ್ ಪುಡಿ ಹಾಕಬೇಕು, ರೋಗದ ಹುಳು ಆರಿಸಿ ತೆಗೆಯಬೇಕು, ಹೊರಗಿನವರನ್ನು ಬಿಡಬಾರದು... ಎಲ್ಲ ಅವರ ಬಾಯಲ್ಲೇ ಬಂತು, ಎಲ್ಲ ಕನ್ನಡದಲ್ಲಿ.

ಲೂಯಿ ಪಾಶ್ಚರ್ 1865ರಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಹೋಗಿ ಐದು ವರ್ಷ ಕುಸ್ತಿ ಹಿಡಿದದ್ದು ಇದೇ ಗಂಟುರೋಗದ ಜೊತೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಬಿಸಾಡು ಎಂದು ಅವನು ಕಂಡುಕೊಂಡ ದಾರಿಯನ್ನೇ ಗ್ರೈನೇಜುಗಳಲ್ಲಿ ಇಂದಿಗೂ ನಡೆಸುತ್ತಾರೆ. ಅವನು ಆ ಹುಳುವಿಗೆ ಮದ್ದು ಕಂಡುಹಿಡಿಯಲಿಲ್ಲ, ಗಮನಿಸಿ. ಯಾವುದು ರೋಗದ್ದು ಯಾವುದು ಅಲ್ಲ ಎಂದು ನೋಡುವ ಬಗೆ ಕಂಡುಹಿಡಿದ. ನಮ್ಮ ಮಕ್ಕಳ ಅಮ್ಮಂದಿರು ದಿನ ಬೆಳಗಾದರೆ ಹುಳುತಟ್ಟೆಯ ಮುಂದೆ ಕೂತು ಮಾಡುವುದೂ ಅದನ್ನೇ. ಆದರೆ ಶಾಲೆಗೆ ಬಂದ ಕೂಡಲೇ ಆ ಕಣ್ಣನ್ನು ಮುಚ್ಚಿಸಿ "ಬಿಳಿ ಚುಕ್ಕೆಗೆ ಉಪ್ಪು" ಎಂದು ಬಾಯಿಪಾಠ ಮಾಡಿಸುವವರು ನಾವು. ಪ್ರಶ್ನೆ, ಉತ್ತರ, ಎರಡು ಅಂಕ. ತಪ್ಪು ಇಂಗ್ಲಿಷಿನದೂ ಅಲ್ಲ, ಕನ್ನಡದ್ದೂ ಅಲ್ಲ ಎಂಬುದು ನಮ್ಮ ಅನಿಸಿಕೆ. ಮದ್ದನ್ನು ಕಲಿಸಿ ರೋಗವನ್ನು ಕಲಿಸದೆ ಬಿಟ್ಟವರದು.

ಆಮೇಲೆ ಏನು ಮಾಡಿದೆವು ಎಂದರೆ, ಫ್ಲೋರಿಡಾ ವಿಶ್ವವಿದ್ಯಾಲಯದವರು ಮೀನು ಸಾಕುವವರಿಗೆಂದು ಬರೆದ ಕರಪತ್ರವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆವು. ಎರಡು ಸಂಜೆ ಹಿಡಿಯಿತು. ಓದಿದ್ದನ್ನು ಶಿಷ್ಯನಿಗೂ ಮಕ್ಕಳಿಗೂ ಹೇಳಿದೆವು. ಮಕ್ಕಳು ತಮ್ಮದೇ ಹೆಸರಿಟ್ಟುಕೊಂಡರು: ಉಪ್ಪುಚುಕ್ಕೆ, ಅರಿಶಿನಧೂಳು, ಲೋಳೆಸುಲಿ, ಹೂಕೋಸುಗಂಟು. ಇದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇವೆ, ಯಾರಿಗಾದರೂ ಉಪಯೋಗವಾದೀತು.

ತೊಟ್ಟಿಯಲ್ಲಿರುವ ಮೀನೆಲ್ಲ ಒಂದೇ ದಿನ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ರೋಗವೆನ್ನಬೇಡಿ, ನೀರನ್ನು ಅನುಮಾನಿಸಿ. ಹೊಸ ತೊಟ್ಟಿಯಲ್ಲಿ ಮೀನಿನ ಹೇಸಿಗೆಯಿಂದ ಬರುವ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ಕರೆಂಟು ಹೋಗಿ ಗಾಳಿಯ ಪಂಪು ನಿಂತಿರಬಹುದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಇದಕ್ಕೆಲ್ಲ ಮದ್ದು ಸುರಿದರೆ ಸಾವು ಬೇಗ ಬರುತ್ತದೆ ಅಷ್ಟೇ. ನೀರು ಸರಿಯಿದ್ದೂ ಮೈಮೇಲೆ ಉಪ್ಪಿನ ಹರಳಿನಷ್ಟು ಚುಕ್ಕೆಗಳು, ಬಂದು ಹೋಗಿ ಮಾಡುತ್ತಿದ್ದರೆ ಅದು ನಾವು ಹೇಳಿದ ಬಿಳಿಚುಕ್ಕೆ. ಚುಕ್ಕೆಯಲ್ಲ, ಅರಿಶಿನ ಉದುರಿಸಿದಂಥ ನುಣುಪು ಧೂಳು, ದೀಪ ಆರಿಸಿ ಪಕ್ಕದಿಂದ ಟಾರ್ಚು ಬಿಟ್ಟರೆ ಮಾತ್ರ ಕಾಣುವುದು, ಉಸಿರಾಟ ಜೋರು ಎಂದರೆ ಅದು 'ಅಮೈಲೂಡಿನಿಯಂ'. ಅದಕ್ಕೆ ಕಾಯುವ ಹಾಗಿಲ್ಲ, ಒಂದೆರಡು ದಿನದಲ್ಲೇ ತೊಟ್ಟಿ ಖಾಲಿ ಮಾಡಿಬಿಡುತ್ತದೆ. ಕ್ಲೌನ್ ಮೀನಿನ ಮೈಯಿಂದ ಬಿಳಿ ಲೋಳೆ ಪದರಪದರವಾಗಿ ಸುಲಿದು ಬರುತ್ತಿದ್ದರೆ 'ಬ್ರೂಕ್ಲಿನೆಲ್ಲಾ'. ಇದಕ್ಕೆ ತಾಮ್ರ ಕೆಲಸಕ್ಕೆ ಬಾರದು, ಫಾರ್ಮಲಿನ್ ಬೇಕು, ಅದೂ ತಿಳಿದವರ ಕೈಯಲ್ಲಿ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟೆದ್ದಿದ್ದು ಮೀನು ಚೆನ್ನಾಗಿ ತಿನ್ನುತ್ತಿದ್ದರೆ ಅದು 'ಲಿಂಫೋಸಿಸ್ಟಿಸ್' ಎಂಬ ವೈರಸ್ಸಿನದು. ಮದ್ದಿಲ್ಲ, ಸಾಮಾನ್ಯವಾಗಿ ಬೇಕಾಗಿಯೂ ಇಲ್ಲ, ನೀರು ಚೊಕ್ಕಟವಾಗಿದ್ದರೆ ತಾನಾಗಿ ಉದುರುತ್ತದೆ. ನೋಡಿ, ನಾಲ್ಕೂ ಕಣ್ಣಿಗೆ 'ಬಿಳಿ ಬಿಳಿ'ಯೇ, ಮಾಡಬೇಕಾದ್ದು ನಾಲ್ಕು ಬಗೆ!

ಉಳಿದ ಒಂದು ಕ್ಲೌನ್, ಒಂದು ಡ್ಯಾಮ್ಸೆಲ್‌ಗೆ ನಾವು ಆರಿಸಿಕೊಂಡದ್ದು ಉಪ್ಪು ತೆಗೆಯುವ ದಾರಿ. ನೂರು ಲೀಟರಿನ ಒಂದು ಪ್ಲಾಸ್ಟಿಕ್ ಡ್ರಮ್ಮು, ಗಾಳಿಯ ಪಂಪು, ಥರ್ಮಾಮೀಟರು, ಅಡಗಿಕೊಳ್ಳಲು ಪೈಪಿನ ತುಂಡು. ಕಲ್ಲಿಲ್ಲ, ಮರಳಿಲ್ಲ. ಎರಡು ಮೂರು ದಿನದಲ್ಲಿ ಲವಣಾಂಶವನ್ನು ಲೀಟರಿಗೆ 35ರಿಂದ 15-16 ಗ್ರಾಮಿಗೆ ಇಳಿಸಿದೆವು. ಅದು ಮೀನಿನ ರಕ್ತದ ಲವಣಕ್ಕೆ ಹತ್ತಿರ, ಹಾಗಾಗಿ ಮೀನಿನ ಕಷ್ಟ ಹಗುರವಾಗುತ್ತದೆ. ರೋಗದ ಜೀವಿ ಮಾತ್ರ ಈ ತೆಳುನೀರು ತಾಳಲಾರದು. ಕಲ್ಯಾಣದುರ್ಗದಲ್ಲಿ ಉಪ್ಪು ಹಾಕಿ ಮಾಡಿದ ಕೆಲಸವನ್ನೇ ಇಲ್ಲಿ ಉಪ್ಪು ತೆಗೆದು ಮಾಡಿದೆವು, ನಿಯಮ ಒಂದೇ! ಮೊದಲೇ ಆ ನಿಯಮ ಹೇಳಿಕೊಟ್ಟಿದ್ದರೆ ಹುಡುಗ ತಾನೇ ಯೋಚಿಸುತ್ತಿದ್ದನಲ್ಲ ಎಂಬುದು ಈಗಲೂ ನಮ್ಮನ್ನು ಚುಚ್ಚುತ್ತದೆ.

ನಾಲ್ಕು ವಾರ ಹಾಗೇ ಇಟ್ಟೆವು. ಡ್ರಮ್ಮಿನಲ್ಲಿ ಅಮೋನಿಯಾ ಕರಗಿಸುವವರಿಲ್ಲವಾದ್ದರಿಂದ ದಿನಬಿಟ್ಟು ದಿನ ಅರ್ಧ ನೀರು ಬದಲು, ಅದೂ ಅಷ್ಟೇ ಉಪ್ಪು, ಅಷ್ಟೇ ಬಿಸಿಯ ನೀರು. ನೀರೂ ನಮ್ಮ ಬೋರ್‌ವೆಲ್ಲಿನದಲ್ಲ, ಶುದ್ಧನೀರಿನ ಕ್ಯಾನು. ಬೇಸಿಗೆ ರಜೆಯಲ್ಲಿ ಶಿಷ್ಯ ಒಬ್ಬನೇ ಮಾಡಿದ. ಅವನಿಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದೆವು: ತಾರೀಖು, ನೀರಿನ ಬಿಸಿ, ಲವಣ, ತಿಂತೋ ಇಲ್ಲವೋ, ಕಿವಿರು ನಿಮಿಷಕ್ಕೆ ಎಷ್ಟು ಸಲ ಆಡುತ್ತದೆ. ಒಂದು ಪುಟದಲ್ಲಿ ಮೇ ತಿಂಗಳ ತಾರೀಖಿನ ಮುಂದೆ "ಕರೆಂಟ್ ಇಲ್ಲ, ರಾತ್ರಿ ಕೈಯಲ್ಲಿ ಮಗ್ಗಿನಿಂದ ನೀರು ಎತ್ತಿ ಹುಯ್ದೆ" ಎಂದಷ್ಟೇ ಇದೆ. ದೊಡ್ಡ ತೊಟ್ಟಿಯಲ್ಲಿ ಎಂಟು ವಾರ ಒಂದು ಮೀನೂ ಇಲ್ಲ. ಮೀನು ಸಿಗದೆ ಮರಿಗಳು ಸಾಯಲಿ ಎಂದು. ಅಂಗಡಿಗೆ ಬಂದವರೆಲ್ಲ "ಬರೀ ನೀರಿಗೆ ದೀಪ ಹಾಕಿದ್ದೀಯಲ್ಲ, ತಲೆ ಕೆಟ್ಟಿದೆಯಾ?" ಎಂದು ಕೇಳಿದರಂತೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಶಾಲೆಗಳಲ್ಲಿ ಸಮುದ್ರದ ತೊಟ್ಟಿ ಇಡಿ ಎನ್ನುತ್ತೇವೆಂದು ಭಾವಿಸಬೇಡಿ. ಖಂಡಿತ ಬೇಡ. ದಸರಾಕ್ಕೆ, ಸಂಕ್ರಾಂತಿಗೆ ಬೀಗ ಹಾಕಿ ಹೋಗುವ ಕಟ್ಟಡದಲ್ಲಿ ಅದು ಬದುಕದು. ಜೊತೆಗೆ ಹವಳ, ಸಮುದ್ರಕುದುರೆಗಳನ್ನು 1972ರ ವನ್ಯಜೀವಿ ಕಾಯ್ದೆ ರಕ್ಷಿಸಿದೆ, ಮಾರುವುದೂ ಸಾಕುವುದೂ ಅಪರಾಧ. ಯಾರಾದರೂ ದಾನ ಕೊಡುತ್ತೇವೆಂದರೆ ನಯವಾಗಿ ಬೇಡವೆನ್ನಿ. ಕ್ಲೌನ್ ಮೀನಿನ ಮರಿ ಮಾಡಿಸುವುದನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಸಾಕಲೇಬೇಕೆನ್ನುವವರು ಹಾಗೆ ಹುಟ್ಟಿದ್ದನ್ನು ಕೊಳ್ಳಲಿ, ಬಂಡೆಯಿಂದ ಹಿಡಿದು ತಂದದ್ದನ್ನಲ್ಲ. ಕಡಲ ಬಣ್ಣದ ಮೀನು ನೋಡುವ ಆಸೆಯಿದ್ದವರಿಗೆ ಮುರುಡೇಶ್ವರದ ಎದುರು ನೇತ್ರಾಣಿ ದ್ವೀಪವಿದೆ, ಅಲ್ಲಿ ಅವು ತಮ್ಮ ಮನೆಯಲ್ಲೇ ಇವೆ.

ಸಿಹಿನೀರಿನ ತೊಟ್ಟಿ ಇರುವ ಶಾಲೆಗಳಿಗೆ ನಮ್ಮ ಒಂದೇ ಕೋರಿಕೆ. ಅದನ್ನು ಮುಖ್ಯೋಪಾಧ್ಯಾಯರ ಕೊಠಡಿಯಿಂದ ತರಗತಿಗೆ ತನ್ನಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಹೊಸ ಮೀನು ಬಂದರೆ ನಾಲ್ಕು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಮಕ್ಕಳಿಗೆ ಕಾವಲು ಕೊಡಿ. ಮೀನು ಸತ್ತರೆ ಮಕ್ಕಳು ಬರುವ ಮುನ್ನ ಎತ್ತಿ ಬಿಸಾಡಿ, ಸಂಜೆಗೆ ಅದೇ ಬಣ್ಣದ್ದು ತಂದು ಬಿಡುವ ಅಭ್ಯಾಸ ಹಲವು ಕಡೆ ನೋಡಿದ್ದೇವೆ, ನಾವೂ ಮಾಡಿದ್ದೇವೆ. ಅದು ಬೇಡ. ಸತ್ತದ್ದನ್ನು ಮಕ್ಕಳು ನೋಡಲಿ, ಯಾಕೆ ಸತ್ತಿತೆಂದು ಬರೆಯಲಿ. ಬರೆದದ್ದು ತಪ್ಪಾದರೂ ಅಂಕ ಕಳೆಯಬೇಡಿ.

ಜೂನ್‌ನಲ್ಲಿ ಶಾಲೆ ಶುರುವಾದ ವಾರ ಮಕ್ಕಳನ್ನು ಅಂಗಡಿಗೆ ಕರೆದೊಯ್ದೆವು. ಉಪ್ಪನ್ನು ನಿಧಾನವಾಗಿ ಮೊದಲಿನ ಮಟ್ಟಕ್ಕೆ ಏರಿಸಿ ಆಗಿತ್ತು. ಎರಡೂ ಮೀನು ದೊಡ್ಡ ತೊಟ್ಟಿಗೆ ಮರಳುವ ದಿನ. ಜೊತೆ ಸತ್ತ ಕ್ಲೌನ್ ಹೆಣ್ಣೋ ಗಂಡೋ ಎಂದು ಒಬ್ಬ ಕೇಳಿದ. ಆ ಜಾತಿಯಲ್ಲಿ ಗುಂಪಿಗೆ ದೊಡ್ಡದೇ ಹೆಣ್ಣು, ಅದು ಸತ್ತರೆ ಉಳಿದ ಗಂಡೇ ಹೆಣ್ಣಾಗುತ್ತದೆ ಎಂದಾಗ ಹುಡುಗರೆಲ್ಲ ಬಾಯಿ ಮುಚ್ಚಿ ನಕ್ಕರು. ಗಂಟುರೋಗದ ಹುಳು ಸುಟ್ಟ ಮನೆಯ ಹುಡುಗಿ ಮಾತ್ರ ನಗಲಿಲ್ಲ. ಡ್ರಮ್ಮಿನ ಬಳಿಯೇ ನಿಂತಿದ್ದಳು.

"ಸಾರ್, ಈ ಉಪ್ಪುನೀರು ಎಲ್ಲಿ ಚೆಲ್ತೀರಿ? ಹಿಂದುಗಡೆ ಹಿಪ್ಪುನೇರಳೆ ತೋಟ ಇದೆ."

ನಾವು ಶಿಷ್ಯನ ಮುಖ ನೋಡಿದೆವು. ಅವನು ನಮ್ಮ ಮುಖ ನೋಡಿದ. ಎರಡು ತಿಂಗಳಿನಿಂದ ದಿನಬಿಟ್ಟು ದಿನ ಐವತ್ತು ಲೀಟರು ಎಲ್ಲಿಗೆ ಹೋಗುತ್ತಿತ್ತು ಎಂದು ಅವನು ಹೇಳಲಿಲ್ಲ, ನಾವು ಕೇಳಿರಲಿಲ್ಲ. ಹಿಂದಿನ ಬಾಗಿಲು ತೆಗೆದು ಎಲ್ಲರೂ ಗಿಡ ನೋಡಲು ಹೋದೆವು.